ಅಕ್ಕನ ಕೈಗೆ ಮಾತ್ರ ಬೀಳುವ ಗೇರು

ಲಾಂಡ್ರಿಯ ಹಳೆಯ ವ್ಯಾನಿನಲ್ಲಿ ಗೇರ್ ಹಾಕುವುದು ಅಕ್ಕನೊಬ್ಬಳಿಗೇ ಗೊತ್ತಿತ್ತು. ಮೊದಲನೆಯದಕ್ಕೆ ಲಿವರನ್ನು ಮೊಣಕಾಲಿಗೆ ತಾಗುವಷ್ಟು ಎಳೆದು ಮುಂದಕ್ಕೆ ತಳ್ಳಬೇಕು. ಎರಡನೆಯದು ಸೀಟಿನ ಅಂಚಿನ ಹತ್ತಿರ ಎಲ್ಲೋ ಇತ್ತು. ಮೂರನೆಯದಕ್ಕೆ ಲಿವರನ್ನು ಒಂದು ಸುತ್ತು ತಿರುಗಿಸಿ, ಅದು ಮೈಮರೆತಾಗ ಗಬಕ್ಕನೆ ಮೇಲಕ್ಕೆ ನೂಕಬೇಕು.

ಈ ಹುಚ್ಚಾಟದಿಂದ ಅಕ್ಕನಿಗೆ ತೊಂದರೆ ಇರಲಿಲ್ಲ, ಲಾಭವಿತ್ತು. ಲಾಂಡ್ರಿಯಲ್ಲಿ ಇದ್ದವರು ಅಕ್ಕ, ತಮ್ಮ ಇಬ್ಬರೇ. ಒಬ್ಬರು ಹೋಟೆಲಿಗೆ ಚಾದರ ಮುಟ್ಟಿಸಲು ಹೊರಗೆ ಹೋದರೆ ಇನ್ನೊಬ್ಬರು ಕಿಟಕಿಯಿಲ್ಲದ ಕೋಣೆಯಲ್ಲಿ ಹಬೆ ಕಕ್ಕುವ ಇಸ್ತ್ರಿ ಯಂತ್ರದ ಮುಂದೆ ಬೇಯಬೇಕು. ಲೈಸೆನ್ಸ್ ಸಿಕ್ಕಾಗಿನಿಂದ ತಮ್ಮ ದಿನ ಬಿಟ್ಟು ದಿನ ವ್ಯಾನು ತನಗೆ ಬಿಡು ಎಂದು ದುಂಬಾಲು ಬಿದ್ದಿದ್ದ. ಗೇರು ಒಮ್ಮೆಯೂ ಕಿರ್ ಎನ್ನದಂತೆ ಹೋಟೆಲಿನವರೆಗೆ ಓಡಿಸಿದವರದೇ ಬೀಗದ ಕೈ ಎಂದು ಅಕ್ಕ ಷರತ್ತು ಹಾಕಿದ್ದಳು. ತಮ್ಮನೋ, ಗೇಟನ್ನೇ ದಾಟಿರಲಿಲ್ಲ. ಒಮ್ಮೆ ಮೊದಲನೇ ಗೇರೆಂದು ನಂಬಿ ರಿವರ್ಸ್ ಹಾಕಿ, ಒಣಗಲು ಹಾಕಿದ್ದ ಚಾದರಗಳೊಳಗೆ ಹಿಮ್ಮುಖವಾಗಿ ನುಗ್ಗಿದ್ದ. ಜ್ವರ ಬಂದವರಂತೆ ಹೊದ್ದು ನಿಂತಿದ್ದ ವ್ಯಾನನ್ನು ಬಿಡಿಸಿದ ಅಕ್ಕ, ಆ ಚಾದರಗಳನ್ನು ಮತ್ತೆ ಅವನ ಕೈಯಲ್ಲೇ ಒಗೆಸಿದ್ದಳು.

ಅಕ್ಕ ಹಲ್ಲು ಕೀಳಿಸಲು ಹೋದ ಬೆಳಿಗ್ಗೆ ಅವನು ವ್ಯಾನನ್ನು ಮೆಕ್ಯಾನಿಕ್ಕನ ಷೆಡ್ಡಿಗೆ ಒಯ್ದ. ಷೆಡ್ಡು ಇಳಿಜಾರಿನ ಕೆಳಗೇ ಇತ್ತು. ನ್ಯೂಟ್ರಲ್ ಎಲ್ಲಿದೆ ಎಂಬುದೊಂದು ಅವನಿಗೆ ಖಚಿತವಾಗಿ ಗೊತ್ತಿತ್ತು.

ಮೆಕ್ಯಾನಿಕ್ ವ್ಯಾನಿನಡಿ ಅಂಗಾತ ಮಲಗಿ, ಲಿವರನ್ನು ಅಲ್ಲಾಡಿಸು ಎಂದ. ತಮ್ಮ ಅಲ್ಲಾಡಿಸಿದ.

"ಗೇರ್‌ಬಾಕ್ಸ್ ಗಟ್ಟಿಮುಟ್ಟಾಗಿದೆ ಕಣಪ್ಪ," ಎಂದು ಕೆಳಗಿನಿಂದ ದನಿ ಬಂತು. "ಮೇಲೆ ನೀವು ಹೇಳಿದ್ದು ಅದಕ್ಕೆ ಮುಟ್ತಿಲ್ಲ, ಅಷ್ಟೆ."

ಲಿವರಿನಿಂದ ಗೇರ್‌ಬಾಕ್ಸಿಗೆ ಹೋಗುವ ಸರಳುಗಳ ಕೀಲುಗಳಲ್ಲಿ ಅಂಗಿ ಗುಂಡಿಗಿಂತ ತುಸು ದೊಡ್ಡ ಪ್ಲಾಸ್ಟಿಕ್ ಬುಷ್‌ಗಳಿದ್ದವು. ಒಂದು ಸೀಳಿತ್ತು, ಇನ್ನೊಂದರ ತೂತು ಸವೆದು ಮೊಟ್ಟೆಯಾಕಾರಕ್ಕೆ ಬಂದಿತ್ತು. ಮೆಕ್ಯಾನಿಕ್ ಕ್ಲಿಪ್ ಬಿಚ್ಚಿ, ಹಳೆಯ ಚೂರುಗಳನ್ನು ಕೆರೆದು, ಕೀಲು ಒರೆಸಿ ಗ್ರೀಸ್ ಬಳಿದ. ಹೊಸ ಬುಷ್‌ಗಳನ್ನು ಬಿಸಿನೀರಿನಲ್ಲಿ ನೆನೆಸಿ ಮೆತ್ತಗಾದ ಮೇಲೆ ಇಕ್ಕಳದಿಂದ ಒತ್ತಿ ಕೂರಿಸಿದ. ತಮ್ಮ ಎರಡೇ ಬೆರಳಲ್ಲಿ ಗೇರ್ ಹಾಕುತ್ತ ಬೆಳಗಿನ ಗಂಟುಗಳನ್ನು ಹೋಟೆಲಿಗೆ ಮುಟ್ಟಿಸಿ ಬಂದ. ಗೇರು ಪಿಟಕ್ಕೆನ್ನಲಿಲ್ಲ.

ಕೆನ್ನೆಯೊಳಗೆ ಹತ್ತಿ ಇಟ್ಟುಕೊಂಡು ಬಂದ ಅಕ್ಕನಿಗೆ ವಿಷಯ ತಿಳಿದು ಸಿಟ್ಟು ನೆತ್ತಿಗೇರಿತು. ಬಾಯಿ ಬಿಡುವಂತಿರಲಿಲ್ಲ, ಬೀಗದ ಕೈಗಾಗಿ ಅಂಗೈ ಚಾಚಿದಳು. ತಮ್ಮ ಕೊಟ್ಟ. ಷರತ್ತು ಎಲ್ಲರಿಗೂ ಒಂದೇ ಅಲ್ಲವೇ, ಕಿರ್ ಎಂದರೆ ನಾಳೆಯಿಂದ ಇಸ್ತ್ರಿ ಕೋಣೆ ಎಂದು ವಿನಯದಿಂದ ನೆನಪಿಸಿ ಪಕ್ಕದಲ್ಲಿ ಕುಳಿತ.

ಅಕ್ಕ ಲಿವರನ್ನು ವಾಡಿಕೆಯಂತೆ ಮೊಣಕಾಲಿಗೆ ಎಳೆದಳು. ಅದು ಬರಲಿಲ್ಲ. ಕಂಬದಂತೆ ನಿಂತಿತ್ತು. ತಿರುಗಿಸಲು ನೋಡಿದಳು, ತಿರುಗಲಿಲ್ಲ. ವರ್ಷಗಟ್ಟಲೆ ಪಳಗಿಸಿದ ಕೈ ಎಲ್ಲಿ ಹೋದರೂ ಅಲ್ಲಿ ಗೇರೇ ಇರಲಿಲ್ಲ.

"ಹುಡುಕಬೇಡ ಅಕ್ಕ. ಇರಬೇಕಾದ ಕಡೆ ಇದೆ."

"ಬಾಯ್ಮುಚ್ಕೊಂಡು ಕೂತ್ಕೊಳೋ," ಎಂದಳು ಹತ್ತಿಯ ಸಂದಿಯಿಂದ.

ಅಷ್ಟರಲ್ಲಿ ಯಾವುದೋ ಒಂದು ಗೇರು ಸದ್ದಿಲ್ಲದೆ ಬಿತ್ತು. ಅದು ಎರಡನೆಯದು. ವ್ಯಾನು ಗೊಣಗುತ್ತ ಹೊರಟಿತು, ಅಕ್ಕ ಮತ್ತೆ ಲಿವರನ್ನು ಮುಟ್ಟಲಿಲ್ಲ. ಸೈಕಲ್ಲುಗಳು ಹಿಂದಿಕ್ಕಿ ಹೋದವು. ಸಿಗ್ನಲ್ಲಿನಲ್ಲಿ ಕ್ಲಚ್ಚನ್ನು ಕಾಲಡಿ ಅಮುಕಿ ಹಿಡಿದು ಹಸಿರು ಬರುವವರೆಗೆ ದೇವರ ಮುಂದೆ ನಿಂತವಳಂತೆ ಕಣ್ಣು ಮಿಟುಕಿಸದೆ ಕುಳಿತಳು. ಇಂಜಿನ್ ಅರಚಿತು, ಸುಟ್ಟ ವಾಸನೆ ಬಂತು. ಮೂರಕ್ಕೆ ಹಾಕು ಎಂದು ತಮ್ಮ ಗೋಗರೆದ. ಹೋಟೆಲಿನ ಹಿಂಬಾಗಿಲವರೆಗೂ ಎರಡರಲ್ಲೇ ಹೋದಳು.

ಇಂಜಿನ್ ಆರಿಸಿ, ಹತ್ತಿ ಉಗಿದು, ಕೇಳಿದಳು: "ಕಿರ್ ಅಂತಾ?"

"ಗೇರೇ ಬದಲಾಯಿಸಲಿಲ್ವಲ್ಲೇ ನೀನು."

"ಕಿರ್ ಅಂತಾ, ಇಲ್ವಾ?"

ಅವನು ಷರತ್ತನ್ನು ಮನಸ್ಸಿನಲ್ಲೇ ತಿರುವಿಹಾಕಿದ. ಗೇರು ಬದಲಾಯಿಸಬೇಕೆಂಬ ಮಾತು ಅದರಲ್ಲಿರಲಿಲ್ಲ. ಇಲ್ಲ ಎಂದು ಒಪ್ಪಿಕೊಂಡ.

"ಹಾಗಾದ್ರೆ ಇಬ್ರೂ ಗೆದ್ವಿ. ನಾಳೆ ನಿಂದು, ನಾಡಿದ್ದು ನಂದು," ಎಂದವಳು ಮಧ್ಯಾಹ್ನದ ಗಂಟುಗಳನ್ನು ಇಳಿಸಿದ ಮೇಲೆ ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕುಳಿತಳು. "ಈಗ ನೀನೇ ಓಡಿಸು. ಕೆನ್ನೆ ನೋಯ್ತಿದೆ. ಆಮೇಲೆ, ನಂಗೆ ಹೇಳ್ಕೊಡೋಕೆ ಮಾತ್ರ ಬರಬೇಡ."

ತಮ್ಮ ಹೇಳಿಕೊಡಲಿಲ್ಲ. ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಓರೆಗಣ್ಣಿನಲ್ಲಿ ಅವನ ಕೈಯನ್ನೇ ನೋಡುತ್ತಿದ್ದಳು. ಅವನು ಖಾಲಿ ರಸ್ತೆಯಲ್ಲಿ, ಯಾವ ಅಗತ್ಯವೂ ಇಲ್ಲದೆ, ಎರಡರಿಂದ ಮೂರಕ್ಕೆ, ಮೂರರಿಂದ ಎರಡಕ್ಕೆ, ನಿಧಾನವಾಗಿ ಬದಲಾಯಿಸುತ್ತ ಹೋದ.