ಒತ್ತಿದರ ದನಿ ಕೊಡೋ ಕಲ್ಲು

ಟಣ್ ಅನ್ನಲಿಲ್ಲ, ಟಪ್ ಅಂತು, ಅಂದ್ರ ನೆಲಕ್ಕ ಹಾಸೋ ಈ ಪರಸಿ ಕಲ್ಲಿನ ಹೊಟ್ಟ್ಯಾಗ ಎಲ್ಲೋ ಕೂದಲೆಳೆಯಷ್ಟು ಬಿರುಕು ಅದ, ಕಣ್ಣಿಗೆ ಕಾಣಂಗಿಲ್ಲ, ಸಾಬಣ್ಣನ ಕಿವಿಗೆ ಮಾತ್ರ ಕಾಣತದ, ಎಡಕ್ಕ ಸರಿಸು, ಮುಂದಿಂದು, ಟಣ್, ಇದು ಬಲಕ್ಕ — ಶಹಾಬಾದದ ಈ ಕಲ್ಲಿನ ಅಂಗಳದಾಗ ಮೂವತ್ತೊಂದು ವರ್ಷದಿಂದ ಇದೇ, ಕೈಯಾಗ ಸಣ್ಣ ಸುತ್ತಿಗಿ, ಕಿವಿಯಾಗ ಕಲ್ಲು, ಬಲಕ್ಕ, ಎಡಕ್ಕ, ಇನ್ನ ಎಂಟು ದಿನ ಆದ್ರ ಅದೂ ಇಲ್ಲ, ಸಾಬಣ್ಣ, ಒಂದನೇ ತಾರೀಖಿನಿಂದ ನೀ ಲಾರಿ ತುಂಬೋ ಕಡೆ ಹೋಗು, ಅಂತ ಧಣಿ ಜಯತೀರ್ಥ ನಿನ್ನೆ ಅಂದ, ಮಾರಿ ಕೊಟ್ಟು ಅನ್ನಲಿಲ್ಲ, ಗೋಡೆ ಕಡೆ ತಿರುಗಿ ಅಂದ, ಗಿರಾಕಿ ಈಗ ಅಂಗಳಕ್ಕ ಎಲ್ಲಿ ಬರ್ತಾರೋ ಮಾರಾಯಾ, ಆ ಕಂಪ್ಯೂಟರ್ ಪೆಟ್ಟಿಗ್ಯಾಗ ನೋಡಿ ಆರಿಸ್ತಾರ, ಬಣ್ಣ ನೋಡ್ತಾರ, ದನಿ ಯಾರು ಕೇಳ್ತಾರ. ಖರೇನೇ ಅದು, ಸುಳ್ಳಲ್ಲ, ಸಾಬಣ್ಣನೇ ಕಣ್ಣಾರೆ ನೋಡ್ಯಾನ, ಹೋದ ವರ್ಷ ಬ್ರಾಡ್‌ಬ್ಯಾಂಡ್ ಬಂದಮ್ಯಾಲ ಧಣಿ ಹೆಂಡತಿ ವಿಜಯಶ್ರೀಬಾಯಿ, ಗುಲಬರ್ಗಾದಾಗ ಕಂಪ್ಯೂಟರ್ ಕಲಿತಾಕಿ, ಹೈದರಾಬಾದಿನವರ ಕಡೆಯಿಂದ ಅಂಗಡಿ ಹೆಸರಿಲೆ ಒಂದು ವೆಬ್‌ಸೈಟ್ ಮಾಡಿಸಿದಳು, ನೋಡ್ರಿ ಸಾಬಣ್ಣ ಅಂತ ಕರದು ಕೂಡಿಸಿ ತೋರಿಸಿದಳು, ಒಂದು ಖಾಲಿ ಪಡಸಾಲಿ, ಬದಿಗೆ ಸಾಲಾಗಿ ಕಲ್ಲು, ಬಾಣದಂಥಾದೊಂದು ಗುರುತು ಕಲ್ಲಿನ ಮ್ಯಾಲ ಹೋಗಿ ಅದನ್ನ ಎತ್ತಿ ನೆಲಕ್ಕ ತಂದು ಬಿಟ್ಟಿತು, ಅಷ್ಟೇ, ಕಣ್ಣು ಮುಚ್ಚಿ ತೆರೆಯೋದ್ರಾಗ ಪಡಸಾಲಿ ತುಂಬ ನೀಲಿ ಪರಸಿ ಹಾಸಿಬಿಟ್ಟಿತ್ತು, ಯಾರೂ ಕಟ್ಟದ ಮನಿಯಾಗ ಸಾಬಣ್ಣ ಆರಿಸಿದ ಕಲ್ಲು, ಅವನಿಗೆ ಚಪ್ಪಲಿ ಬಿಟ್ಟು ಒಳಗ ಹೋಗಬೇಕು ಅನ್ನಿಸಿತ್ತು, ಖರೇನೇ ಬಲಗಾಲಿನ ಚಪ್ಪಲಿ ಬಿಟ್ಟೇಬಿಟ್ಟಿದ್ದ. ಪರದೆ ಕೆಳಗ ಮಾತು ಬರಿಯೋ ಒಂದು ಡಬ್ಬಿ, ಪುಣೆದಾಗ ಯಾರೋ ಬರದ್ರ ಇಲ್ಲಿ ಮೂಡತದ, ಚಹಾ ಆರೋದ್ರಾಗ ಜವಾಬು ಹೋಗ್ತದ, ಏನ್ ದುನಿಯಾಪ್ಪ ಇದು — ಹೊಟ್ಟ್ಯಾಗ ಅಂಜಿಕಿ ಇದ್ರೂ ಬಾಯಿ ಮಾತ್ರ ತೆರೆದೇ ಇರ್ತದ. ಅಪ್ಪನೂ ಹಿಂಗೇ ಇದ್ದ, ಸೇಡಂ ಹತ್ರ ಕಾಗಿಣಾ ನದಿಯಾಗ ಹರಗೋಲು ಹಾಕ್ತಿದ್ದ, ಬಿದಿರಿನ ಗಳ ಇಳಿಸಿ ತಳಕ್ಕ ತಾಕಿಸಿ, ಸುಸ್ ಅಂದ್ರ ಉಸುಕು, ಟಕ್ ಅಂದ್ರ ಬಂಡೆಗಲ್ಲು, ಆ ಕಿವಿನೇ ಇವನಿಗೆ ಬಂದದ್ದು, ಆಮ್ಯಾಲ ಸೇತುವೆ ಬಂತು, ಹರಗೋಲು ದಂಡ್ಯಾಗ ಬೋರಲು ಬಿತ್ತು, ಆದ್ರೂ ಅಪ್ಪ ದಿನಾ ಸಂಜಿಗೆ ಸೇತುವೆ ಮ್ಯಾಲ ನಿಂತು, ಕೆಳಗ ಬಗ್ಗಿ ನೋಡಿ, ಏನ್ ಕಟ್ಟ್ಯಾರಲೇ ಸಾಬ್ಯಾ, ಏನ್ ಕಟ್ಟ್ಯಾರಲೇ ಅಂತಿದ್ದ, ಹೊಟ್ಟಿ ಮ್ಯಾಲ ಹೊಡದವರನ್ನೂ ಹೊಗಳೋ ಮನುಷ್ಯಾ, ಟಣ್, ಬಲಕ್ಕ.

ಸಾಬಣ್ಣಾ, ಸುತ್ತಿಗಿ ಹಿಡ್ಕೊಂಡು ಒಳಗ ಬರ್ರಿ, ವಿಜಯಶ್ರೀಬಾಯಿ ಕಿಡಕ್ಯಾಗಿಂದ ಕರೀಲಿಕತ್ತಾಳ, ಸುತ್ತಿಗಿ ಯಾಕ, ಪೆಟ್ಟಿಗಿ ಕೆಟ್ಟದೇನು, ಒಳಗ ಧಣಿನೂ ನಿಂತಾನ, ಬಾಯೋರು ಪರದೆ ನೋಡಿ ಓದಲಿಕತ್ತಾರ, ಇಂಗ್ಲೀಷಿನ್ಯಾಗ ಬಂದಿದ್ದನ್ನ ಕನ್ನಡದಾಗ ಹೇಳಲಿಕತ್ತಾರ, ನಾಗಪುರದಾಗ ಕುರುಡು ಮಕ್ಕಳ ಸಾಲಿ ಅದಂತ, ಅದರ ದೊಡ್ಡಬಾಯಿ, ಅಂದ್ರ ಹೆಡ್‌ಮಿಸ್ಟ್ರೆಸ್ಸು, ಜೈತುನ್‌ಬೀ ಅಂತ, ಆಕೀನೂ ಹುಟ್ಟುಕುರುಡಿ, ಆಕಿಯ ಕಂಪ್ಯೂಟರೇ ಅಕ್ಷರ ಓದಿ ಹೇಳ್ತದಂತ, ಕಲ್ಲು ಓದತದೇನ್ರಿ ಬಾಯೋರ, ಕಲ್ಲಲ್ಲ ಸಾಬಣ್ಣ, ಅಕ್ಷರ, ಹೆಣ್ಣಿನ ದನಿಯಾಗ ಓದತದ. ಹಾಂ ಹಾಂ ಅಂತ ತಲಿ ಆಡಿಸಿದ, ಎಲ್ಲಿ ತಿಳಿಬೇಕು. ಆಕಿ ಬರದಾಳ, ನಿಮ್ಮ ವೆಬ್‌ಸೈಟ್‌ನ್ಯಾಗ ಚಿತ್ರ ಭಾಳ ಅವ ಅಂತ ನನ್ನ ಮಷೀನು ಹೇಳ್ತದ, ಎಂಥಾ ಚಿತ್ರ ಅಂತ ಹೇಳಂಗಿಲ್ಲ, ನನ್ನ ತವರು ಚಿಂಚೋಳಿ, ನಮ್ಮ ಮನಿ ನೆಲ ನಿಮ್ಮ ಕಡೆ ಪರಸೀದೇ ಇತ್ತು, ಅದರ ದನಿ ನನಗ ನೆನಪದ, ಇಲ್ಲಿ ಹೊಸಾ ವರಾಂಡ ಕಟ್ಟಾಕತ್ತೀವಿ, ಕೊನಿಗೆ ಮೆಟ್ಟಿಲು ಕೆಳಗ ಇಳಿತಾವ, ಎರಡು ತಿಂಗಳ ಹಿಂದ ಏಳು ವರ್ಷದ ಒಂದು ಹುಡುಗಿ ಓಡಿಬಂದಳು, ನೆಲ ಮುಗಿದದ್ದು ತಿಳೀಲಿಲ್ಲ, ಎತ್ತಿದ ಕಾಲು ಇಡಾಕ ಕೆಳಗ ಏನೂ ಇರಲಿಲ್ಲ, ಮುಂಗೈ ಮುರೀತು, ಎರಡು ಹಲ್ಲು ಹೋದ್ವು, ಅದಕ್ಕ ನನಗ ಎರಡು ದನಿ ಬೇಕು, ವರಾಂಡಕ್ಕೊಂದು, ಮೆಟ್ಟಿಲ ಮುಂದೊಂದು, ಕೋಲು ತಾಕಿದಕೂಡ್ಲೆ ತಿಳಿಬೇಕು, ನಿಮ್ಮ ಕಲ್ಲಿನ ದನಿ ಕೇಳಿಸ್ತೀರೇನು. ಕೇಳಿಸ್ತೀರೇನು — ಮೂವತ್ತೊಂದು ವರ್ಷದಾಗ ಯಾವ ಗಿರಾಕೀನೂ ಈ ಮಾತು ಕೇಳಿರಲಿಲ್ಲ, ಬಣ್ಣ ಕೇಳಿದ್ರು, ದಪ್ಪ ಕೇಳಿದ್ರು, ದರ ಕೇಳಿದ್ರು, ದನಿ, ಯಾರೂ ಕೇಳಲಿಲ್ಲ, ಸಾಬಣ್ಣ ಧಣಿ ಕಡೆ ನೋಡಿದ, ಧಣಿ ನೆಲ ನೋಡಲಿಕತ್ತಿದ್ದ.

ಆದ್ರ ಪಾಲಿಶ್ ಮಷೀನಿನ ಗದ್ದಲ, ಅದರಾಗ ಕಲ್ಲು ಏನು ಮಾತಾಡ್ತದ, ಬಾಯೋರೇ ಉಪಾಯ ಮಾಡಿದ್ರು, ದಿನಾ ಹನ್ನೊಂದಕ್ಕ ಕರೆಂಟ್ ಹೋಗ್ತದ, ಮಷೀನೆಲ್ಲ ಬಂದ್, ಕಂಪ್ಯೂಟರ್ ಬ್ಯಾಟರಿ ಮ್ಯಾಲ ಹತ್ತು ನಿಮಿಷ ಇರ್ತದ, ಆ ಹತ್ತು ನಿಮಿಷದಾಗ ಮುಗಿಸ್ರಿ ಸಾಬಣ್ಣ. ಹೋಯ್ತು ಕರೆಂಟು, ಅಂಗಳ ಒಮ್ಮಿಗೇ ಮೂಕ ಆತು, ಗುಬ್ಬಿ ಕೂಗೋದು ಕೇಳಾಕತ್ತಿತು, ಬೆರಳುದ್ದದ ಮೈಕು ವಯರಿನ ತುದಿಗೆ ಜೋತಾಡ್ಕೋತ ಕಿಡಕಿ ದಾಟಿ ಹೊರಗ ಬಂತು, ಒಳಗಿನ ಸ್ಪೀಕರ್‌ನಿಂದ ಜೈತುನ್‌ಬೀ ದನಿ, ಸಲಾಂ ಚಾಚಾ, ಚಿಂಚೋಳಿ ಮಾತು, ಥೇಟ್ ಚಿಂಚೋಳಿ, ನಾಗಪುರದಿಂದ, ಬಡೀರಿ ಚಾಚಾ, ಟಣ್, ಇನ್ನೊಮ್ಮೆ, ಟಣ್, ಎರಡನೇದು, ಹಾಂ, ಮೂರನೇದು, ಯಾ ಅಲ್ಲಾ ಇದು ನಮ್ಮ ಅಡಗಿಮನೀದು, ನಾಲ್ಕನೇದು ಸಾಬಣ್ಣ ಬೇಕಂತಲೇ ಎಡಗಡೆಯ ಒಡಕಿನ ಗುಂಪಿನಿಂದ ತಂದಿದ್ದ, ಟಪ್, ಆಕಡಿಂದ, ಚಾಚಾ ಇದರ ಒಳಗೇನೋ ಒಡದದ ನೋಡ್ರಿ. ಅಷ್ಟು ದೂರ, ಎಷ್ಟು ಊರು, ಎಷ್ಟು ಹೊಳಿ ದಾಟಿ ಕುಂತಾಳ, ಕಣ್ಣಿಲ್ಲ, ಮುಟ್ಟಿಲ್ಲ, ಆದ್ರ ಅವನ ಪಕ್ಕದಾಗೇ ಕುಕ್ಕರಗಾಲಿಲೆ ಕುಂತು ಕಲ್ಲು ಆರಿಸಲಿಕತ್ತಾಳ, ತನ್ನಂಥಾ ಇನ್ನೊಂದು ಕಿವಿ ದುನಿಯಾದಾಗ ಅದ ಅಂತ ಇವತ್ತು ತಿಳೀತು, ತಿಳಿಸಿದ್ದು ಯಾವುದು, ಅದೇ ಪೆಟ್ಟಿಗಿ. ಒಂದನೇದು ವರಾಂಡಕ್ಕ, ಮೂರನೇದು ಮೆಟ್ಟಿಲಿಗೆ, ಎಷ್ಟು ಬೇಕಂತ ಬರದು ಕಳಸ್ತೀನಿ, ಅಂದಳಾಕಿ, ಧಣಿ ಮಾರಿ ಅರಳಿತು, ಅಲ್ಲಿಗೆ ಮುಗೀತು, ಸುಮ್ಮಿದ್ರ ಮುಗೀತಿತ್ತು, ಆದ್ರ ಆ ಎತ್ತಿದ ಕಾಲು, ಕೆಳಗ ಏನೂ ಇಲ್ಲದ ಕಾಲು, ಸಾಬಣ್ಣನ ನಾಲಿಗಿ ತಡೀಲಿಲ್ಲ, ಅವ್ವಾ ಬ್ಯಾಡವ್ವಾ, ಒಂದು ಮಾತು ಕೇಳು, ಇಲ್ಲಿ ಗೋಡಿಗೆ ಆನಿಸಿಟ್ಟ ಕಲ್ಲು ಹಾಡತದ, ಹಳೀ ಮನಿಯಾಗ ಮಣ್ಣಿನ ಮ್ಯಾಲ ಹಾಸಿದ್ದೂ ಹಾಡ್ತಿತ್ತು, ಈಗಿನ ಸಿಮೆಂಟ್ ಗಚ್ಚಿನ್ಯಾಗ ಕುಂತಮ್ಯಾಲ ಬಾಯಿ ಮುಚ್ಚತದ, ಒಂದಕ್ಕೂ ಮೂರಕ್ಕೂ ಆಗ ಫರಕ್ ಉಳಿಯಂಗಿಲ್ಲ, ಈ ದನಿ ನಂಬಿದ್ರ ನಾಳೆ ಇನ್ನೊಂದು ಕೂಸು ಬೀಳತದ. ಬಾಯೋರು ತುಟಿ ಕಚ್ಚಿದ್ರು. ಧಣಿ, ಸಾಬಣ್ಣ, ಅಂತ ಅಷ್ಟೇ ಅಂದ, ಬ್ಯಾಟರಿ ಕುಂಯ್ ಕುಂಯ್ ಅನ್ನಲಿಕತ್ತಿತು, ಆಕಡಿಂದ ಜೈತುನ್‌ಬೀ, ಮತ್ತ ಏನು ಮಾಡ್ಲಿ ಚಾಚಾ.

ಏನು ಮಾಡಬೇಕು, ಏನು, ಅಪ್ಪನ ಗಳ, ಉಸುಕು, ಸುಸ್, ಬಂಡೆಗಲ್ಲು — ಪಾಲಿಶ್ ಆಗದ ಕಲ್ಲು, ಹಿಂದಿನ ಗೋಡಿಗೆ ಬಿದ್ದದಲ್ಲ, ಖಣಿಯಿಂದ ಬಂದಂಗೇ ಬಿದ್ದದ, ವೆಬ್‌ಸೈಟ್‌ನ್ಯಾಗ ಅದರ ಚಿತ್ರಾನೇ ಹಾಕಿಲ್ಲ, ಒರಟು ಅಂತ, ಬಡಿಯೋದಲ್ಲವ್ವಾ, ಕೋಲು ಎಳಿಯೋದು, ತಡಿ, ಹೋಗಬ್ಯಾಡ, ಅಂತ ಓಡಿದ, ಹಿಂದ ಯಾರೋ ಓಡಿಬರೋ ಸಪ್ಪಳ, ಧಣಿ, ಬಿಳಿ ಧೋತರ ಎತ್ತಿ ಕಟ್ಟಿ ಧಣಿ, ಇಬ್ಬರೂ ಕೂಡಿ ಒರಟು ಕಲ್ಲು ಹೊತ್ತು ತಂದು ಉಸುಕಿನ ಮ್ಯಾಲ ಗಟ್ಟ್ಯಾಗಿ ಕೂಡಿಸಿದ್ರು, ಪಕ್ಕದಾಗ ನುಣುಪಿಂದು, ಬಾಯೋರು ಕಿಡಕ್ಯಾಗಿಂದ ಛತ್ರಿ ಚಾಚಿದ್ರು, ಅದರ ತುದಿ ನುಣುಪಿನ ಮ್ಯಾಲ, ಸುಂಯ್, ಸುಂಯ್, ಒರಟಿಗೆ ಹತ್ತಿತು, ಖರ್ರ್, ಕೇಳ್ತದೇನವ್ವಾ, ಇದು ಗಚ್ಚಿನ್ಯಾಗೂ ಹಿಂಗೇ ಇರ್ತದ, ಕಾಲಿಗೂ ಹತ್ತತದ, ಸುಂಯ್, ಸುಂಯ್, ಖರ್ರ್, ಆಕಡಿಂದ, ಚಾಚಾ ತಡೀರಿ, ಆಕಿ — ಅಷ್ಟೇ, ಪರದೆ ಕರ್ರಗಾತು. ಕೇಳಿತೋ ಇಲ್ಲೋ. ಒಂದು ಗಂಟೆ ತನಕ ಮೂವರೂ ಅಲ್ಲೇ ಕುಂತ್ರು, ಬಾಯೋರು ಕೊಟ್ಟ ಚಹಾ ಹಂಗೇ ಕೆನಿಗಟ್ಟಿತು, ಧಣಿ ಕೈಗೆ ಹತ್ತಿದ ಕಲ್ಲಿನ ಹುಡಿ ಒರಸಿಕೊಳ್ಳಲಿಲ್ಲ, ಖರೇ ಹೇಳಿದಿ ಸಾಬಣ್ಣ, ಅಂದ, ಈ ಸಲ ಮಾರಿ ನೋಡಿ. ಕರೆಂಟು ಬಂತು, ಡಬ್ಬ್ಯಾಗ ಜೈತುನ್‌ಬೀ ಬರದದ್ದು ಕಾಯ್ಕೋತ ಇತ್ತು, ಬಾಯೋರು ಓದಿದ್ರು, ಬಿದ್ದ ಹುಡುಗೀನ್ನ ನನ್ನ ಮಗ್ಗಲಿಗೇ ನಿಂದ್ರಿಸಿದ್ದೆ ಚಾಚಾ, ನಿಮ್ಮ ದನಿ ಕೇಳ್ಕೋತ ನಡಿ ಅಂದೆ, ಸುಂಯ್ ಅಂದಾಗ ನಡದಳು, ಖರ್ರ್ ಅಂದಕೂಡ್ಲೆ ಕಾಲು ಎತ್ತಿದಾಕಿ ಎತ್ತಿದಂಗೇ ನಿಂತಳು, ಎರಡೂ ಕಲ್ಲು ಕಳಸ್ರಿ.

ಈಗ ವೆಬ್‌ಸೈಟ್‌ನ್ಯಾಗ ಒರಟು ಕಲ್ಲೂ ಅದ, ಒಂದೊಂದರ ಕೆಳಗೂ ಒಂದು ಗುಂಡಿ, ಒತ್ತಿದರ ದನಿ ಬರ್ತದ, ಕರೆಂಟ್ ಹೋದಾಗೆಲ್ಲ ಒಂದೊಂದೇ ಬಡದು, ಎಳದು, ಬಾಯೋರು ಹಿಡದು ಹಾಕ್ಯಾರ, ಒಂದರಾಗ ಸಾಬಣ್ಣ ಕೆಮ್ಮಿದ್ದೂ ಸೇರ್ಕೊಂಡದ, ತೆಗೀರಿ ಅಂದ್ರ ತೆಗೀಲಿಲ್ಲ, ನೂರಕ್ಕ ತೊಂಬತ್ತು ಮಂದಿ ಬಣ್ಣ ನೋಡೇ ಹೋಗ್ತಾರ, ಕೆಲವರು ಚ್ಯಾಷ್ಟಿಗೆ ಒತ್ತತಾರ, ಒತ್ತಲಿ, ಒಂದನೇ ತಾರೀಖು ಬಂತು ಹೋಯ್ತು, ಲಾರಿ ಮಾತು ಧಣಿ ಎತ್ತಲಿಲ್ಲ, ಇವನೂ ಕೇಳಲಿಲ್ಲ, ಬೆಳಿಗ್ಗೆ ಬಂದು ಕುಂತ, ಸುತ್ತಿಗಿ ಎತ್ತಿದ, ಟಣ್, ಬಲಕ್ಕ, ತನ್ನ ಕೈಯ ಸಪ್ಪಳ ಈಗ ಯಾವ ಊರಾಗ, ಯಾರ ಮನಿಯಾಗ ಕೇಳಲಿಕತ್ತದೋ, ಟಣ್, ಎಲ್ಲಿ ಶಹಾಬಾದ ಎಲ್ಲಿ ನಾಗಪುರ, ಇಲ್ಲಿ ಛತ್ರಿ ಎಳದ್ರ ಅಲ್ಲಿ ಒಂದು ಕೂಸು, ಟಪ್, ಎಡಕ್ಕ, ಅಲ್ಲ, ಬಲಕ್ಕ ಇಟ್ಟನೇನು, ಎಡಕ್ಕ, ಆ ಕೂಸಿನ ಹೆಸರೂ ಕೇಳಲಿಲ್ಲ, ಮಾರಿ ಕಂಡಿಲ್ಲ, ಕಾಲು ಮಾತ್ರ, ಸಣ್ಣ ಕಾಲು, ಹಿಮ್ಮಡಿಗೆ ಧೂಳು, ಹೆಬ್ಬೆರಳು ಮುಂದಕ್ಕ, ಸುತ್ತಿಗಿ ಕೈಯಾಗೇ ನಿಂತದ, ಕಲ್ಲು ಕಾಯ್ಲಿಕತ್ತದ, ಕಾಲು — ಮುಂದ ಇಡಬೇಕಂತ ಎತ್ತಿದ ಕಾಲು — ಖರ್ರ್ ಕೇಳಿ ಗಾಳಿಯಾಗ, ಅಲ್ಲೇ, ಇಡದೇ.