ಅಮ್ಮನ ಕೈ ಓದುವವರು

ನಮ್ಮಮ್ಮನಿಗೆ ಹುಟ್ಟಿನಿಂದ ಕಿವಿ ಕೇಳಿಸಲ್ಲ, ಮಾತೂ ಬರಲ್ಲ. ಅವಳ ಪಾಲಿನ ಮಾತನ್ನೂ ನಾನೇ ಆಡಿ ಮುಗಿಸ್ತೀನಿ ಅಂತ ನಮ್ಮಣ್ಣ ಛೇಡಿಸುತ್ತಾನೆ. ಸುಳ್ಳೇನಲ್ಲ ಬಿಡಿ, ನನ್ನ ಹೊಟ್ಟೆಪಾಡೇ ಅದು. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಬಂತು, ಯಾವುದು ತಡ, ಯಾರ ಬ್ಯಾಗು ಸಿಕ್ಕಿದೆ, ಯಾರ ಮಗು ಅಳುತ್ತಾ ನಿಂತಿದೆ ಅಂತ ದಿನವಿಡೀ ಮೈಕಿನಲ್ಲಿ ಕೂಗುವುದು. ಡ್ರೈವರು ಕಂಡಕ್ಟರುಗಳೆಲ್ಲ ನನ್ನನ್ನು ಮೈಕಕ್ಕ ಅಂತಲೇ ಕರೆಯೋದು. ಮನೆಗೆ ಬಂದರೆ ಬಾಯಿಗೆ ರಜೆ, ಕೈಗೆ ಕೆಲಸ.

ನಮ್ಮ ಮನೆಯ ಕೈಮಾತು ಯಾವ ಶಾಲೆಯಲ್ಲೂ ಕಲಿಸಿದ್ದಲ್ಲ. ಅಮ್ಮ ಶಾಲೆಯ ಮೆಟ್ಟಿಲು ಹತ್ತಿದವಳೂ ಅಲ್ಲ, ಓದು ಬರಹ ಬರಲ್ಲ. ಅವಳೂ ಅಪ್ಪನೂ ನಾವಿಬ್ಬರು ಮಕ್ಕಳೂ ಸೇರಿ, ಬೇಕಾದ ಹಾಗೆ ಕಟ್ಟಿಕೊಂಡಿದ್ದು. ಕಿವಿಯ ಹಾಲೆ ಎಳೆದರೆ ಅಣ್ಣ ಅಂತ, ಅವನದು ಅಷ್ಟಗಲ ಕಿವಿ. ಐದು ಬೆರಳು ಕೊಕ್ಕಿನ ಹಾಗೆ ತೆರೆದು ಮುಚ್ಚಿದರೆ ನಾನು. ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ನೋವು ಅನ್ನೋದಕ್ಕೆ ಎಡ ಅಂಗೈಗೆ ಬಲ ಹೆಬ್ಬೆರಳನ್ನು ಒತ್ತಿ ತಿರುಗಿಸೋದು. ಒಂದು ಸುತ್ತು ತಿರುಗಿಸಿದರೆ ಸ್ವಲ್ಪ ನೋವು. ತಿರುಗಿಸ್ತಾನೇ ಇದ್ದರೆ ತಡೆಯೋಕಾಗ್ತಿಲ್ಲ ಅಂತ.

ಅಪ್ಪ ತೀರಿಕೊಂಡ ಮೇಲೆ, ಅಣ್ಣ ಮದುವೆಯಾಗಿ ಬೇರೆ ಮನೆ ಮಾಡಿದ ಮೇಲೆ, ದಿನಾ ಈ ಮಾತಾಡೋಕೆ ಉಳಿದವರು ನಾವಿಬ್ಬರೇ. ಅಣ್ಣನಿಗೆ ಅರ್ಧಕ್ಕರ್ಧ ಮರೆತೇಹೋಗಿದೆ. ಅಮ್ಮನ ಕೈ ಓದೋಕೆ ಈ ಲೋಕದಲ್ಲಿ ನಾನೊಬ್ಬಳೇ ಇರೋದು ಅಂತ ನನಗೆ ಒಳಗೊಳಗೇ ಜಂಬ. ಡಾಕ್ಟರು ಬಾಗಿಲು ಹಾಕಿಕೊಂಡು ನಮ್ಮನ್ನು ಕೂರಿಸಿ ಮಾತಾಡಿದ ದಿನ ಆ ಜಂಬವೆಲ್ಲ ಭಯವಾಗಿ ಕೂತಿತು.

ಹೊಟ್ಟೆಯಲ್ಲಿ ಶುರುವಾಗಿದ್ದು ಬೆನ್ನುಮೂಳೆಗೆ ಇಳಿದಿದೆ, ವಾಸಿಯಾಗೋ ಮಾತು ಇನ್ನಿಲ್ಲ, ಉಳಿದಷ್ಟು ದಿನ ನೋವಿಲ್ಲದ ಹಾಗೆ ನೋಡಿಕೊಳ್ಳೋಣ ಅಂದರು. ಹಾಸ್ಪಿಸ್ ಅಂತ ಇರ್ತವೆ, ಕೊನೆಗಾಲದಲ್ಲಿ ಆರೈಕೆ ಮಾಡೋ ಮನೆಗಳು, ಈ ಊರಲ್ಲೇ ಕೆಲವು ಇವೆ, ನೀವೇ ಹೋಗಿ ನೋಡಿ ಅಂದರು. ಅಮ್ಮ ಅವರ ತುಟಿಯನ್ನಲ್ಲ, ನನ್ನ ಮುಖವನ್ನು ನೋಡುತ್ತಾ ಕೂತಿದ್ದಳು. ಹೊರಗೆ ಬಂದ ಮೇಲೆ ಏನಂತೆ ಅಂತ ಕೈಯಲ್ಲಿ ಕೇಳಿದಳು. ಚೆನ್ನಾಗಿ ಮಲಗಬೇಕಂತೆ ಅಂದೆ. ಅವಳು ನನ್ನ ಕೆನ್ನೆ ತಟ್ಟಿ ಮುಂದೆ ನಡೆದಳು. ಅವಳಿಗೆ ಎಲ್ಲ ಗೊತ್ತಾಗಿದೆ ಅಂತ ನನಗೂ ಗೊತ್ತಾಯಿತು.

ಯಾವ ಮನೆಯೂ ಬೇಡ, ನಮ್ಮನೆಯೇ ಸಾಕು ಅಂತ ನಾನು ಹಟ ಹಿಡಿದೆ. ಬೆಳಿಗ್ಗೆ ಸಂಜೆ ಒಬ್ಬಳು ನರ್ಸ್ ಬಂದು ಹೋಗುತ್ತಿದ್ದಳು. ನೋವು ಹೇಗಿದೆ ಕೇಳಿ ಅನ್ನುತ್ತಿದ್ದಳು. ನಾನು ಕೈಯಲ್ಲಿ ಕೇಳುತ್ತಿದ್ದೆ, ಅಮ್ಮ ಹೆಬ್ಬೆರಳನ್ನು ಒಂದು ಸುತ್ತು ತಿರುಗಿಸುತ್ತಿದ್ದಳು, ನಾನು ಸ್ವಲ್ಪ ಇದೆಯಂತೆ ಅನ್ನುತ್ತಿದ್ದೆ, ನರ್ಸ್ ಅಷ್ಟಕ್ಕೆ ತಕ್ಕ ಹಾಗೆ ಔಷಧಿ ಕೊಟ್ಟು ಹೋಗುತ್ತಿದ್ದಳು. ಅಮ್ಮನಿಗೆ ಊಟ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ. ಕಾಯಿಲೆ ಅಂದಮೇಲೆ ಅಷ್ಟೇ ಅಂದುಕೊಂಡೆ.

ಒಂದು ಮಧ್ಯಾಹ್ನ ನಾನು ಗೂಡಿನಲ್ಲಿ ಕೂತು ಯಾರದೋ ಕಳೆದುಹೋದ ಛತ್ರಿಯ ಬಗ್ಗೆ ಊರಿಗೆಲ್ಲ ಕೇಳೋ ಹಾಗೆ ಕೂಗುತ್ತಿದ್ದಾಗ, ಅಮ್ಮ ಮನೆಯಲ್ಲಿ ಮಂಚಕ್ಕೂ ಗೋಡೆಗೂ ನಡುವೆ ಬಿದ್ದಿದ್ದಳು. ಪಕ್ಕದ ಮನೆಯವರು ನಡುಮನೆಯಲ್ಲೇ ಟಿವಿ ನೋಡುತ್ತಾ ಕೂತಿದ್ದರು, ಪಾಪ, ಕಾಯೋಕೆ ಅಂತಲೇ ಬಂದವರು. ಅವರಿಗೆ ಒಂದು ಸಪ್ಪಳವೂ ಕೇಳಿಸಿಲ್ಲ. ನಾನು ಬಂದು ನೋಡಿದಾಗ ಎಷ್ಟು ಹೊತ್ತಿನಿಂದ ಬಿದ್ದಿದ್ದಳೋ, ಕೈಕಾಲು ತಣ್ಣಗಿತ್ತು. ಎತ್ತಿ ಕೂರಿಸಿದರೆ ನಗುತ್ತಾಳೆ, ಜಾರಿದೆ ಅಷ್ಟೇ ಅಂತ ಕೈ ಆಡಿಸುತ್ತಾಳೆ. ಅಣ್ಣ ಅವತ್ತೇ ಬಂದು, ನಿನ್ನ ಹಟ ಸಾಕು, ಜಾಗ ಹುಡುಕು ಅಂದ.

ನನಗಿದ್ದ ಭಯ ಒಂದೇ. ಯಾವುದೋ ಕೋಣೆಯಲ್ಲಿ ಅಮ್ಮ ಅಂಗೈಗೆ ಹೆಬ್ಬೆರಳು ಒತ್ತಿ ತಿರುಗಿಸ್ತಾ ತಿರುಗಿಸ್ತಾ ಇರ್ತಾಳೆ, ಯಾರೋ ಬಂದು ಚಳಿಯಾಗ್ತಿದೆ ಅಂದುಕೊಂಡು ಹೊದಿಕೆ ಸರಿಮಾಡಿ ಹೋಗ್ತಾರೆ. ಕಣ್ಣು ಮುಚ್ಚಿದರೆ ಇದೇ. ಸಾವಿಗೂ ನಾನು ಅಷ್ಟು ಹೆದರಿರಲಿಲ್ಲ.

ಮೊದಲು ಹೋಗಿದ್ದು ಒಂದು ಹೊಸ ಕಟ್ಟಡಕ್ಕೆ. ನೆಲ ಎಷ್ಟು ಹೊಳೆಯುತ್ತಿತ್ತು ಅಂದರೆ ಚಪ್ಪಲಿ ಬಿಡಬೇಕೋ ಬೇಡವೋ ಅಂತ ಬಾಗಿಲಲ್ಲೇ ತಡವರಿಸಿದೆ. ಮ್ಯಾನೇಜರ್ ಟೈ ಕಟ್ಟಿದ್ದ. ಕೋಣೆಗೊಂದು ಟಿವಿ, ಕಿಟಕಿಗೆ ಎರಡು ಪದರದ ಪರದೆ, ಮಂಚ ಗುಂಡಿ ಒತ್ತಿದರೆ ಏಳುತ್ತೆ, ಇಳಿಯುತ್ತೆ. ಎಲ್ಲ ಒತ್ತಿ ತೋರಿಸಿದ. ನೋವು ಜಾಸ್ತಿಯಾದರೆ ಏನು ಮಾಡ್ತೀರಾ ಅಂದೆ. ಒಂದು ಕೂಗು ಹಾಕಿದರೆ ಸಾಕು ಮೇಡಂ, ಓಡಿ ಬರ್ತೀವಿ ಅಂದ. ಕೂಗೋಕೆ ಬರದಿದ್ದರೆ ಅಂದೆ. ಗಂಟೆಯ ಗುಂಡಿ ಇದೆಯಲ್ಲ ಅಂದ. ಗುಂಡಿ ಒತ್ತೋ ಕೈಯೇ ನೋವು ಹೇಳ್ತಾ ಇದ್ದರೆ ಅಂದೆ. ಅವನು ನನ್ನನ್ನೇ ರೋಗಿಯ ಹಾಗೆ ನೋಡಿದ. ರಾತ್ರಿ ಯಾರಿರ್ತಾರೆ, ಔಷಧಿ ಯಾರ ಕೈಯಲ್ಲಿರುತ್ತೆ ಅಂತ ಬಿಡದೆ ಕೇಳಿದ್ದಕ್ಕೆ, ಒಬ್ಬ ಆಯಾ ಇರ್ತಾಳೆ, ಬೇಕಾದರೆ ಡಾಕ್ಟರಿಗೆ ಫೋನ್ ಮಾಡ್ತಾಳೆ, ಅವರು ಬೆಳಿಗ್ಗೆ ಬಂದು ನೋಡ್ತಾರೆ ಅಂದ. ಬೆಳಿಗ್ಗೆಯಂತೆ! ಹೊಳೆಯೋ ನೆಲಕ್ಕೆ ನಮಸ್ಕಾರ ಹೇಳಿ ಬಂದೆ.

ಎರಡನೆಯದು ಅಷ್ಟು ಥಳಕಿನದಲ್ಲ. ಉದ್ದನೆಯ ಒಂದು ಕೋಣೆ, ಎರಡೂ ಕಡೆ ಮಂಚ, ಡೆಟಾಲ್ ವಾಸನೆ. ಇಲ್ಲಿ ರಾತ್ರಿಯೂ ನರ್ಸ್ ಇರ್ತಾರೆ ಅಂತ ಕೇಳಿ ಮನಸ್ಸು ಸ್ವಲ್ಪ ಹಗುರವಾಯಿತು. ಮಂಚಗಳನ್ನು ದಾಟಿ ಹೋಗುತ್ತಿದ್ದಾಗ ಕಿಟಕಿ ಪಕ್ಕದ ಅಜ್ಜನ ಮೇಲೆ ಕಣ್ಣು ಬಿತ್ತು. ಎರಡೂ ಮಣಿಕಟ್ಟಿಗೆ ಬಿಳಿ ಬಟ್ಟೆಯ ಪಟ್ಟಿ ಸುತ್ತಿ ಮಂಚದ ಕಂಬಿಗೆ ಕಟ್ಟಿದ್ದರು. ಮೆತ್ತನೆಯ ಬಟ್ಟೆಯೇ, ನೀಟಾಗಿ ಗಂಟು ಹಾಕಿದ್ದರು. ಮೂಗಿನ ನಳಿಕೆ ಕಿತ್ತುಕೊಳ್ತಾರೆ, ಅವರ ಒಳ್ಳೇದಕ್ಕೇ ಅಂತ ನರ್ಸ್ ಸಮಾಧಾನವಾಗಿ ಹೇಳಿದಳು. ಕೆಟ್ಟವಳಲ್ಲ, ಅಜ್ಜನ ತಲೆ ಸವರಿ ಹೋದಳು. ಅಜ್ಜನ ಬೆರಳುಗಳು ಮಾತ್ರ ಗಾಳಿಯಲ್ಲಿ ಏನನ್ನೋ ಹುಡುಕುತ್ತಾ ಆಡುತ್ತಿದ್ದವು.

ಹೇಗೆ ಆಚೆ ಬಂದೆನೋ ಗೊತ್ತಿಲ್ಲ, ಗೇಟಿನ ಹತ್ತಿರ ಕಲ್ಲಿನ ಮೇಲೆ ಕೂತು ಅಣ್ಣನಿಗೆ ಫೋನ್ ಮಾಡಿದೆ.

“ಅಣ್ಣಾ, ಇಲ್ಲಿ ಕೈ ಕಟ್ಟಿಹಾಕ್ತಾರೆ ಕಣೋ. ಅಮ್ಮನ ಕೈ ಕಟ್ಟಿದರೆ ಅವಳ ಬಾಯಿಗೆ ಬಟ್ಟೆ ತುರುಕಿದ ಹಾಗೆ.”

ಅಲ್ಲೇ ಇರು, ಬರ್ತೀನಿ ಅಂದ. ಸ್ಕೂಟರಿನಲ್ಲಿ ಬಂದು, ಬೈಯುತ್ತಾನೇನೋ ಅಂದುಕೊಂಡರೆ, ಸುಮ್ಮನೆ ಪಕ್ಕದಲ್ಲಿ ಕೂತ.

ಮೂರನೆಯದು ನಮ್ಮ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರ, ಟೈರ್ ಅಂಗಡಿಯ ಹಿಂದಿನ ಬೀದಿಯಲ್ಲಿತ್ತು. ಹಳೇ ಮನೆಯನ್ನೇ ಒಡೆದು ಕಟ್ಟಿ ದೊಡ್ಡದು ಮಾಡಿದ್ದರು. ಗೋಡೆಗೆ ಬಣ್ಣ ಹೊಡೆದು ಎಷ್ಟೋ ಕಾಲವಾಗಿತ್ತು. ಅಲ್ಲಿನ ಹಿರಿಯ ನರ್ಸ್, ಎಲ್ಲರೂ ಸಿಸ್ಟರ್ ಅನ್ನುತ್ತಿದ್ದರು, ದಪ್ಪ ಕನ್ನಡಕದವರು, ನೆಗಡಿಯಾಗಿ ಮೂಗು ಕೆಂಪಾಗಿತ್ತು. ನಾನು ಕಳ್ಳರನ್ನು ವಿಚಾರಿಸುವ ಪೊಲೀಸಿನವಳ ಹಾಗೆ ಶುರುಮಾಡಿದೆ. ರಾತ್ರಿ ಇಬ್ಬರು ಇರ್ತೀವಿ ಅಂದರು. ನೋವಿನ ಔಷಧಿ ನಮ್ಮ ಬೀರುವಿನಲ್ಲೇ ಇರುತ್ತೆ, ಎಷ್ಟು ಕೊಡಬಹುದು ಅಂತ ಡಾಕ್ಟರು ಮೊದಲೇ ಬರೆದಿಟ್ಟಿರ್ತಾರೆ, ಬೆಳಗಾಗೋವರೆಗೆ ಕಾಯೋ ಪ್ರಶ್ನೆ ಇಲ್ಲ ಅಂದರು. ಕೈ ಕಟ್ತೀರಾ ಅಂದೆ. ಕಟ್ಟಲ್ಲ, ನಳಿಕೆ ಕಿತ್ತುಕೊಂಡರೆ ಮತ್ತೆ ಹಾಕಬೇಕೋ ಬೇಡವೋ ಯೋಚನೆ ಮಾಡ್ತೀವಿ ಅಂದು ಮೂಗು ಒರೆಸಿಕೊಂಡರು.

ಎಲ್ಲ ಸರಿಯೇ. ಸರಿಯಾದಷ್ಟೂ ನನಗೆ ಅನುಮಾನ. ಬಾಯಲ್ಲಿ ಹೇಳೋದು ಸುಲಭ, ನಾನೂ ದಿನಾ ಬಸ್ಸು ಇನ್ನೇನು ಬಂತು ಅಂತ ಹೇಳೋಳೇ ತಾನೇ. ನೋವಿನ ಗುರುತು ಅವರಿಗೆ ಮಾಡಿ ತೋರಿಸಿದೆ, ಎಡ ಅಂಗೈಗೆ ಬಲ ಹೆಬ್ಬೆರಳು ಅಂತ ಅವರ ಕೈ ಹಿಡಿದು ಒತ್ತಿ ತಿರುಗಿಸಿ ಕಲಿಸಿದೆ. ಅವರು ತಪ್ಪು ಕೈಯಲ್ಲಿ ಮಾಡಿದರು. ಮತ್ತೆ ಮಾಡಿಸಿದೆ, ಮತ್ತೆ ತಪ್ಪಿದರು. ಇವರ ಕೈಗಾ ನಮ್ಮಮ್ಮನನ್ನು ಒಪ್ಪಿಸೋದು ಅನ್ನಿಸಿ ಅಳು ಬಂತು. ಅವರು, ಅಮ್ಮನನ್ನ ಒಂದು ಸಲ ಕರಕೊಂಡು ಬನ್ನಿ, ಅವರಿಗೂ ಜಾಗ ಹಿಡಿಸಬೇಕಲ್ಲ ಅಂದರು. ಇಷ್ಟು ಕಡೆ ಓಡಾಡಿದ್ದೇನೆ, ಅಮ್ಮನಿಗೆ ತೋರಿಸಬೇಕು ಅಂತ ನನಗೆ ಹೊಳೆದೇ ಇರಲಿಲ್ಲ.

ಎರಡು ದಿನ ಬಿಟ್ಟು, ಬಿಸಿಲೇರುವ ಮೊದಲೇ, ಅಣ್ಣ ಅವನ ಗೆಳೆಯನ ಕಾರಿನಲ್ಲಿ ಅಮ್ಮನನ್ನು ಕೂರಿಸಿಕೊಂಡು ಬಂದ. ದಾರಿಯಲ್ಲಿ ಕಾರು ಒಂದೊಂದು ಗುಂಡಿಗೆ ಇಳಿದಾಗಲೂ ನಾನು ಅಮ್ಮನ ಮುಖ ನೋಡುತ್ತಿದ್ದೆ, ಅವಳು ಕಿಟಕಿಯ ಆಚೆ ನೋಡುತ್ತಿದ್ದಳು. ಕೋಣೆಗೆ ಕರೆದುಕೊಂಡು ಹೋದರು. ಅಮ್ಮ ಮೊದಲು ಮಾಡಿದ ಕೆಲಸ ಹಾಸಿಗೆಯ ಬಟ್ಟೆಯ ಅಂಚು ಮಡಚಿ ಹೊಲಿಗೆ ನೋಡಿದ್ದು. ಆಯಸ್ಸೆಲ್ಲ ಮುದ್ರಣಾಲಯದಲ್ಲಿ ಪುಸ್ತಕ ಹೊಲಿದವಳು, ಸಾಯೋಕೆ ಬಂದಲ್ಲಿಯೂ ಹೊಲಿಗೆ ಪರೀಕ್ಷೆ. ಪರವಾಗಿಲ್ಲ ಅನ್ನೋ ಹಾಗೆ ತಲೆಯಾಡಿಸಿ ಮಂಚದ ಮೇಲೆ ಕೂತಳು. ನಾನು ಪಕ್ಕದಲ್ಲಿ ಕುರ್ಚಿ ಎಳೆದುಕೊಂಡೆ.

“ನೀವಿಬ್ಬರೂ ಸ್ವಲ್ಪ ಆಚೆ ಇರಿ, ನಾನು ಅಮ್ಮನ ಹತ್ತಿರ ಒಬ್ಬಳೇ ಮಾತಾಡ್ತೀನಿ” ಅಂದರು ಸಿಸ್ಟರ್.

ನನಗೆ ಕೋಪ ನೆತ್ತಿಗೇರಿತು. ನಾನಿಲ್ಲದೆ ಅದು ಹೇಗೆ ಮಾತಾಡ್ತೀರಾ, ಕಲಿಸಿದ ಒಂದು ಮಾತೂ ನೆಟ್ಟಗೆ ಬರಲಿಲ್ಲವಲ್ಲ ನಿಮಗೆ, ಅವಳು ಏನಾದರೂ ಹೇಳಿ ನಿಮಗೆ ತಿಳಿಯದಿದ್ದರೆ ಅವಳ ಗತಿ ಏನು ಅಂತ ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಬಂದವರನ್ನೆಲ್ಲ ಮನೆಯವರಿಲ್ಲದೆ ಒಂದು ಸಲ ಕೇಳೋದು ಇಲ್ಲಿ ಪದ್ಧತಿ, ತಿಳಿಯದಿದ್ದರೆ ನಿಮ್ಮನ್ನೇ ಕರೀತೀನಿ ಅಂದರು. ಅಣ್ಣ ನನ್ನ ತೋಳು ಹಿಡಿದು ಎಳೆದುಕೊಂಡು ಹೋದ. ಬಾಗಿಲು ಮುಚ್ಚುವಾಗ ಅಮ್ಮ ನನಗೆ, ಹೋಗು ಹೋಗು, ಏನಾಗಲ್ಲ ಅಂತ ಕೈ ಬೀಸಿದಳು.

ಬಾಗಿಲಿನಲ್ಲಿ ಅಂಗೈಯಗಲದ ಗಾಜು ಇತ್ತು. ಅಣ್ಣ ಬೇಡ ಅಂದರೂ ನಾನು ಮುಖ ಒತ್ತಿ ನಿಂತೆ. ಸಿಸ್ಟರ್ ಗಿಡ್ಡ ಸ್ಟೂಲು ಎಳೆದುಕೊಂಡು ಅಮ್ಮನಿಗಿಂತ ಕೆಳಗೆ ಕೂತರು. ಅದೇ ತಪ್ಪು ಕೈಯಲ್ಲಿ, ಬಲ ಅಂಗೈಗೆ ಎಡ ಹೆಬ್ಬೆರಳು ಒತ್ತಿ, ಇದೆಯಾ ಅನ್ನೋ ಹಾಗೆ ಹುಬ್ಬೆತ್ತಿದರು. ಅಮ್ಮ ಬಾಗಿಲ ಕಡೆ ತಿರುಗಿದಳು. ನಾನು ಪಕ್ಕಕ್ಕೆ ಸರಿದೆ. ಯಾಕೆ ಸರಿದೆ ಅಂತ ಈಗಲೂ ಗೊತ್ತಿಲ್ಲ.

ಮತ್ತೆ ಇಣುಕಿದಾಗ ಅಮ್ಮನ ಹೆಬ್ಬೆರಳು ಅಂಗೈಯಲ್ಲಿತ್ತು. ಒಂದು ಸುತ್ತು ತಿರುಗಿತು. ಹೂಂ, ಸ್ವಲ್ಪ, ಅಂತ ನಾನು ಮನಸ್ಸಿನಲ್ಲೇ ಅಂದುಕೊಂಡೆ. ಅದು ನಿಲ್ಲಲಿಲ್ಲ. ತಿರುಗಿತು, ತಿರುಗಿತು, ಮೊಣಕೈವರೆಗೂ ನಡುಕ ಬರೋ ಹಾಗೆ ತಿರುಗಿತು. ಅಮ್ಮ ಹಲ್ಲು ಕಚ್ಚಿದ್ದಳು, ಕಣ್ಣು ಬಿಗಿಯಾಗಿ ಮುಚ್ಚಿದ್ದಳು. ಆ ಮುಖವನ್ನು ನಾನು ನೋಡೇ ಇರಲಿಲ್ಲ. ಆಮೇಲೆ ಅಮ್ಮನೇ ಸಿಸ್ಟರ್ ಕೈ ಹಿಡಿದು ತನ್ನ ಬೆನ್ನಿಗೆ ಇಟ್ಟುಕೊಂಡಳು, ಅಲ್ಲಿಂದ ಸೊಂಟಕ್ಕೆ, ತೊಡೆಗೆ, ಪಾದದವರೆಗೂ ಎಳೆದುಕೊಂಡು ಹೋದಳು. ಎಲ್ಲ ಕಡೆ. ಅಷ್ಟೂ ಕಡೆ.

ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಸಿಸ್ಟರ್ ಹೇಗೆ ಕೇಳಿದರೋ, ಕೇಳಿದರೋ ಇಲ್ಲವೋ. ಅಮ್ಮ ಬಾಗಿಲ ಕಡೆ ಬೆರಳು ಮಾಡಿದಳು. ಆಮೇಲೆ ಅದೇ ಕೈಯನ್ನು ಎದೆಗಿಟ್ಟುಕೊಂಡು ಗಡಗಡ ನಡುಗಿಸಿ ತೋರಿಸಿದಳು. ಅವಳು ಹೆದರ್ತಾಳೆ, ಅಂತ. ಇದನ್ನು ಓದೋಕೆ ಯಾರೂ ಕಲಿಸಬೇಕಾಗಿಲ್ಲ.

ನಾನು ದಿನಾ ಎರಡು ಹೊತ್ತು ಅವಳ ಮುಖಕ್ಕೆ ಮುಖ ಕೊಟ್ಟು ಕೇಳಿದ್ದೆ. ನನ್ನ ಕಣ್ಣಲ್ಲಿದ್ದ ಭಯ ನೋಡಿ ಅವಳು ಒಂದೇ ಸುತ್ತಿಗೆ ನಿಲ್ಲಿಸಿದ್ದಳು. ಅವಳು ನಿಲ್ಲಿಸಿದಷ್ಟಕ್ಕೇ ಔಷಧಿಯೂ ನಿಂತಿತ್ತು.

ಅಷ್ಟರಲ್ಲಿ ಅಮ್ಮ ತಲೆಯೆತ್ತಿದಳು. ಗಾಜಿನಲ್ಲಿ ನನ್ನನ್ನು ಕಂಡಳು. ಕೈ ಗಾಳಿಯಲ್ಲೇ ನಿಂತುಹೋಯಿತು. ನೋಡುತ್ತಿದ್ದ ಹಾಗೇ ಮುಖ ಸಡಿಲ ಮಾಡಿಕೊಂಡು ನಕ್ಕಳು, ಅಂಗೈಗೆ ಹೆಬ್ಬೆರಳು ಇಟ್ಟು ನನಗೆ ಕಾಣೋ ಹಾಗೆ ಒಂದೇ ಒಂದು ಸುತ್ತು ತಿರುಗಿಸಿದಳು. ಸ್ವಲ್ಪ ಅಷ್ಟೇ ಮಗಳೇ, ಅಂತ.

ಬಾಗಿಲು ನೂಕಿಕೊಂಡು ಹೋಗಿ ಅವಳ ಕಾಲು ಹಿಡಿದುಕೊಳ್ಳೋಣ ಅನ್ನಿಸಿತು. ಹೋದರೆ ಅವಳು ಮತ್ತೆ ನಗುತ್ತಾಳೆ. ಆ ನಗು ನೆನೆದರೆ ನನಗೆ ಸಾವಿಗಿಂತ ಹೆಚ್ಚು ಹೆದರಿಕೆಯಾಯಿತು. ನಾನು ಗಾಜಿಗೆ ಬೆನ್ನು ತಿರುಗಿಸಿದೆ. ಅವಳಿಗೆ ನನ್ನ ಬೆನ್ನು ಚೆನ್ನಾಗಿ ಕಾಣಲಿ ಅಂತ ಬಾಗಿಲಿಗೆ ಪೂರ್ತಿ ಒರಗಿ ನಿಂತೆ.

ಅಣ್ಣ ಹತ್ತಿರ ಬಂದು, ಏನು ಹೇಳ್ತಿದ್ದಾಳೆ ಅಮ್ಮ ಅಂತ ಕೇಳಿದ.

“ನನಗೆ ಹೇಳ್ತಿಲ್ಲ ಕಣೋ, ಅವರಿಗೆ ಹೇಳ್ತಿದ್ದಾಳೆ” ಅಂದೆ. “ಹೇಳಿ ಮುಗಿಸಲಿ ಬಿಡು.”