ಜನವರಿಯ ಬೀಸಣಿಗೆ

ಬಾಲ್ಟಿಮೋರಿನಲ್ಲಿ ಬಿಳಿಯರ ಬಡಾವಣೆಯ ಸರ್ಕಾರಿ ಶಾಲೆಗಳು ಜನವರಿಯಲ್ಲೂ ಬೆಚ್ಚಗಿರುತ್ತವೆ. ನಮ್ಮ ಕರಿಯರ ಕೇರಿಯ ಶಾಲೆಯಲ್ಲಿ ಮಾತ್ರ ಹೀಟರ್ ಕೆಟ್ಟು, ಅರ್ನೆಸ್ಟೀನ್ ಅಜ್ಜಿಯ ಮೊಮ್ಮಗಳು ಇಮಾನಿಗೆ ಚಳಿಗೆ ಪೆನ್ಸಿಲ್ಲೇ ಹಿಡಿಯಲಾಗುತ್ತಿರಲಿಲ್ಲ.

ದಿನಾ ದೂರು ಕೊಡುತ್ತಿದ್ದ ಅಜ್ಜಿಯ ಕಾಟ ತಾಳದೆ ಶಿಕ್ಷಣ ಮಂಡಳಿಯ ಅಧ್ಯಕ್ಷ ವಿಟ್ಕಂಬ್ ಸಾಹೇಬರು ಅದೇ ಶಾಲೆಯಲ್ಲಿ ಸಭೆ ಕರೆದರು. ಓವರ್‌ಕೋಟಿನ ಗುಂಡಿಯನ್ನು ಗಂಟಲವರೆಗೆ ಹಾಕಿಕೊಂಡು, "ಹೀಟರ್ ಚೆನ್ನಾಗೇ ಇದೆಯಲ್ರೀ, ಬೆಚ್ಚಗಿದೆ," ಎಂದರು.

"ಹೌದಪ್ಪಾ, ಏನ್ ಸೆಖೆ, ಏನ್ ಸೆಖೆ!" ಎಂದ ಅಜ್ಜಿ, ಬೇಸಿಗೆಯಲ್ಲಿ ಚರ್ಚಿನಲ್ಲಿ ಬೀಸಿಕೊಳ್ಳುವ ರಟ್ಟಿನ ಬೀಸಣಿಗೆಗಳನ್ನು ಚೀಲದಿಂದ ತೆಗೆದು ಸಭೆಗೆ ಬಂದಿದ್ದ ಕೇರಿಯ ಹೆಂಗಸರಿಗೆಲ್ಲ ಹಂಚಿದಳು. ಅವರು ಸಾಹೇಬರನ್ನು ಸುತ್ತುವರಿದು ಬೀಸತೊಡಗಿದರು.

"ಕೋಟು ಬಿಚ್ಚು ಮಗಾ, ಬೆವರ್ತೀಯ!" ಎಂದಳು ಅಜ್ಜಿ.

ಬಿಚ್ಚದೆ ವಿಧಿಯಿರಲಿಲ್ಲ. ಸಾಹೇಬರ ಹಲ್ಲು ಕಟಕಟ ಎಂದಿತು. "ಸಾಕಮ್ಮಾ! ನಾಳೇನೇ ರಿಪೇರಿ ಮಾಡಿಸ್ತೀನಿ!"

"ಬರ್ದು ಕೊಡಪ್ಪಾ," ಎಂದು ಅಜ್ಜಿ ಇಮಾನಿಯ ಪೆನ್ಸಿಲ್ ಕೊಟ್ಟಳು. ಅದು ಸಾಹೇಬರ ಬೆರಳಿನಿಂದ ಎರಡು ಸಲ ಜಾರಿ ಬಿತ್ತು.

"ನಿಧಾನಕ್ಕೆ ಬರಿ ಕಂದಾ. ಅಲ್ಲೀವರ್ಗೂ ಬೀಸ್ತಾ ಇರ್ತೀವಿ."